ಹುಳ ತಿಂದ ಎಲೆಯ ಗಿಡವನ್ನೇ ಕೇಳಿ ತಂದೆ

ಸಂರಕ್ಷಿತ ಕಾಡಿನ ಒಳಗೇ ಇರುವ ಈ ಸ್ಥಳೀಯ ಗಿಡಗಳ ನರ್ಸರಿಗೆ ಮೊದಲ ಸಲ ಹೋದಾಗ ಸ್ವಲ್ಪ ಬೇಸರವೇ ಆಗಿತ್ತು. ಸಾಲಾಗಿ ಹೂ ಬಿಟ್ಟು ನಿಂತ ಕುಂಡಗಳಿಲ್ಲ. ಎಲ್ಲಾ ಗೇಣುದ್ದದ ಸಸಿಗಳು, ಅದರಲ್ಲೂ ಎಕ್ಕದ ಎಲೆ ತೂತು ತೂತು. ಯಾಕೆ ಹೀಗೆ ಎಂದು ಕೇಳಿದರೆ ಅಲ್ಲಿದ್ದವರು ಒಂದು ಎಲೆ ಮಗುಚಿ ತೋರಿಸಿದರು. ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳವೊಂದು ಅಂಚಿನಿಂದ ಶುರು ಮಾಡಿ ಒಂದೇ ಸಮನೆ ಮೇಯುತ್ತಿತ್ತು. "ಚಿಟ್ಟೆ ಮರಿ ಇದು. ಔಷಧಿ ಹೊಡೆದ್ರೆ ಎಲೆ ಚೆನ್ನಾಗಿರುತ್ತೆ, ಚಿಟ್ಟೆ ಇರಲ್ಲ" ಅಂದರು. ಆ ಗಿಡವನ್ನೇ ಕೊಡಿ ಎಂದೆ.

ಇವರ ಬೀಜದ ಕೆಲಸ ನನಗೆ ತುಂಬಾ ಹಿಡಿಸಿತು. ಒಂದೇ ಮರದ ಬುಡದಲ್ಲಿ ಚೀಲ ತುಂಬಿಸಿಕೊಳ್ಳುವುದಿಲ್ಲ, ದೂರ ದೂರದ ಹಲವು ಮರಗಳಿಂದ ಸ್ವಲ್ಪ ಸ್ವಲ್ಪ ಆರಿಸುತ್ತಾರೆ, ಅದೂ ಬಲಿತ ಬೀಜದಲ್ಲಿ ನೂರಕ್ಕೆ 20ಕ್ಕಿಂತ ಜಾಸ್ತಿ ಮುಟ್ಟದೆ; ಉಳಿದದ್ದು ಹಕ್ಕಿಗೆ, ಅಳಿಲಿಗೆ, ಕಾಡಿಗೆ. ಎಲ್ಲಾ ಒಂದೇ ತಾಯಿಯ ಮಕ್ಕಳಾದರೆ ರೋಗ ಬಂದಾಗ ಒಟ್ಟಿಗೇ ಮಲಗಿಬಿಡುತ್ತವೆ ಅಲ್ವಾ. ಬೇವಿನ ಬೀಜ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ, ಹಾಗಾಗಿ ಹಣ್ಣು ಉದುರುತ್ತಿದ್ದಂತೆ ತಿರುಳು ತೊಳೆದು ಬಿತ್ತುತ್ತಾರೆ. ಕಕ್ಕೆಯದು ಬೇರೆಯೇ ಕಥೆ. ಸಿಪ್ಪೆ ಕಲ್ಲಿನಂತೆ ಗಟ್ಟಿ, ಸುಮ್ನೆ ಮಣ್ಣಿಗೆ ಹಾಕಿದರೆ ತಿಂಗಳುಗಟ್ಟಲೆ ಹಾಗೇ ಬಿದ್ದಿರುತ್ತದೆ. ಒಬ್ಬರು ಮರಳು ಕಾಗದದ ಮೇಲೆ ಒಂದೊಂದೇ ಬೀಜ ಉಜ್ಜಿ ನೀರಿಗೆ ಹಾಕುತ್ತಾ ಕೂತಿದ್ದರು. ಪಕ್ಕದ ಬಟ್ಟಲಿನಲ್ಲಿ ಹಿಂದಿನ ದಿನ ನೆನೆಸಿದ್ದವು ಆಗಲೇ ಊದಿಕೊಂಡಿದ್ದವು.

ಹಿಂದೆ ಬೇರೊಂದು ಕಡೆಯಿಂದ ತಂದ ಮರದ ಸಸಿ 2 ವರ್ಷ ಕಳೆದರೂ ಏಳಲಿಲ್ಲ. ಒಂದು ಗಾಳಿಗೆ ಬಿತ್ತು. ನೋಡಿದರೆ ಬೇರು ಚೀಲದ ಆಕಾರದಲ್ಲೇ ಸಿಂಬೆ ಸುತ್ತಿಕೊಂಡಿತ್ತು. ಅದಕ್ಕೇ ಇಲ್ಲಿ ಬೇರು ತೋರಿಸಿ ಎಂದೆ. ಬೇಸರಿಸದೆ ಒಂದು ಸಸಿ ಬಿಚ್ಚಿ ತೋರಿಸಿದರು, ತಾಯಿಬೇರು ನೆಟ್ಟಗಿತ್ತು. ಸಣ್ಣ ಸಸಿ ನೆಟ್ಟರೆ ಬೇಗ ಬೇರೂರುತ್ತದೆ, ದೊಡ್ಡದಕ್ಕೆ ಆಸೆಪಡಬೇಡಿ ಎಂದೂ ಹೇಳಿದರು. ಅದರಿಂದ ಅವರಿಗೇನೂ ಲಾಭವಿಲ್ಲ.

ಕೊರತೆಯೂ ಇದೆ. ಮರ ಬೀಜ ಕಟ್ಟದ ವರ್ಷ ಆ ಸಸಿ ಸಿಗುವುದಿಲ್ಲ, ಅದು ಅವರ ತಪ್ಪಲ್ಲ ಬಿಡಿ. ಆದರೆ ಲೇಬಲ್ ಬರಹ ಬಿಸಿಲಿಗೆ ಅಳಿಸಿಹೋಗಿ ನನಗೆ ಒಂದು ಗಿಡ ಅದಲುಬದಲಾಯಿತು, ಮನೆಗೆ ಬಂದು ಎಲೆ ಬಿಟ್ಟ ಮೇಲೇ ಗೊತ್ತಾಗಿದ್ದು. ಹೇಳಿದ್ದೇನೆ. ಮುಂದಿನ ಸಲ ಹೋದಾಗ ಪೆನ್ಸಿಲ್‌ನಲ್ಲಿ ಬರೆಯಲು ಶುರು ಮಾಡಿದ್ದರು, ಅದು ಬಿಸಿಲಿಗೆ ಬೇಗ ಮಾಸುವುದಿಲ್ಲ.