ಬಗ್ಗಿಗೆ ಯಾವ ಸ್ಟೀರಿಂಗ್ ರ್ಯಾಕ್? ಮಾರುತಿ 800, ಗೋ-ಕಾರ್ಟ್, ಅಥವಾ ಲೇತ್‌ನಲ್ಲಿ ಮಾಡಿಸಿದ್ದು

ಮನೆಯಲ್ಲಿ ಬಗ್ಗಿ (ಕಲ್ಲು ಮಣ್ಣಿನ ಮೇಲೆ ಓಡಿಸುವ ಹಗುರ ಗಾಡಿ) ಕಟ್ಟುವವರ ಮಾತೆಲ್ಲ ಎಂಜಿನ್ ಸುತ್ತಲೇ ಇರುತ್ತದೆ. ಮುಂದಿನ ಚಕ್ರಗಳನ್ನು ಎಡಬಲ ತಿರುಗಿಸುವ ಹಲ್ಲಿನ ಸರಳಿಗೆ ರ್ಯಾಕ್ ಅನ್ನುತ್ತಾರೆ. ಸ್ಟೀರಿಂಗ್ ಬಗ್ಗೆ ಕೇಳಿದರೆ "ಗುಜರಿಯಲ್ಲಿ ಮಾರುತಿ ರ್ಯಾಕ್ ಸಿಗುತ್ತಲ್ಲ" ಅಂದು ಮುಗಿಸುತ್ತಾರೆ. ಸಿಗುತ್ತದೆ, ನಿಜ. 1983ರಿಂದ 2014ರವರೆಗೆ ನಮ್ಮ ರಸ್ತೆಗೆ ಬರುತ್ತಲೇ ಇದ್ದ ಕಾರು ಅದು. ಅದರ ಭಾಗ ಸಿಗದ ಊರಿಲ್ಲ. ಆದರೆ ಸಿಗುವುದು ಬೇರೆ, ಹೊಂದುವುದು ಬೇರೆ.

ನಾನು ಬೆಳಗಾವಿಯವನು. ನನ್ನ ಬಗ್ಗಿಯ ಫ್ರೇಮ್ ಪೈಪಿನದು. ಮಾರುತಿ 800ರ 796 ಸಿಸಿ ಎಂಜಿನ್ ಗೇರ್‌ಬಾಕ್ಸ್ ಸಮೇತ ಹಿಂದೆ ಕೂತಿದೆ. ಮುಂದೆ ಡಬಲ್ ಎ-ಆರ್ಮ್ ಸಸ್ಪೆನ್ಷನ್ (ಪ್ರತಿ ಚಕ್ರವನ್ನು ಫ್ರೇಮಿಗೆ ಹಿಡಿಯುವ A ಆಕಾರದ ತೋಳು, ಮೇಲೊಂದು ಕೆಳಗೊಂದು), ಡ್ರೈವರ್ ಸೀಟು ನಡುವೆ. ಓಡುವುದು ಖಾನಾಪುರದ ಕಡೆ ನೆಂಟರ ಜಮೀನಿನಲ್ಲಿ, ಜಂಬಿಟ್ಟಿಗೆ ಕಲ್ಲು, ಕೆಂಪು ಮಣ್ಣಿನ ಮೇಲೆ. ಇಂಥ ಗಾಡಿಯನ್ನು ರಸ್ತೆಗೆ ಇಳಿಸುವ ಹಾಗಿಲ್ಲ, ಅದು ಎಲ್ಲರಿಗೂ ಗೊತ್ತಿರಲಿ. ಮುಂದಿನ ಅಡ್ಡಪಟ್ಟಿಗೆ ಉದ್ದ ತೂತಿನ ಪ್ಲೇಟು ಹಾಕಿ, ಒಂದೇ ಫ್ರೇಮಿಗೆ ಒಂದಾದ ಮೇಲೊಂದರಂತೆ ಮೂರು ರ್ಯಾಕ್‌ಗಳನ್ನು ಕೂರಿಸಿ ಓಡಿಸಿದ್ದೇನೆ.

ಅಂಗಡಿಗೆ ಹೋಗುವ ಮೊದಲು ಒಂದು ಅಳತೆ ತೆಗೆದುಕೊಳ್ಳಿ. ಗಾಡಿಯನ್ನು ಎದುರಿನಿಂದ ನೋಡಿ. ಮೇಲಿನ ಎ-ಆರ್ಮ್ ಮತ್ತು ಕೆಳಗಿನ ಎ-ಆರ್ಮ್ ಫ್ರೇಮಿಗೆ ಸೇರುವ ಬೋಲ್ಟ್‌ಗಳ ನಡುವೆ ಒಂದು ಗೆರೆ ಎಳೆಯಿರಿ. ರ್ಯಾಕನ್ನು ಚಕ್ರಕ್ಕೆ ಜೋಡಿಸುವ ಸರಳು, ಅಂದರೆ ಟೈ ರಾಡಿನ ಒಳಗಿನ ಜಾಯಿಂಟ್ ಆ ಗೆರೆಯ ಮೇಲೆ ಅಥವಾ ಅದಕ್ಕೆ ತೀರಾ ಹತ್ತಿರ ಬರಬೇಕು. ಟೈ ರಾಡಿನ ಇಳಿಜಾರೂ ಎ-ಆರ್ಮ್‌ಗಳಿಗೆ ಹೊಂದಬೇಕು. ಇಲ್ಲದಿದ್ದರೆ ಚಕ್ರ ಮೇಲೆ ಕೆಳಗೆ ಆಡಿದಾಗೆಲ್ಲ ತಾನೇ ಎಡಕ್ಕೋ ಬಲಕ್ಕೋ ತಿರುಗುತ್ತದೆ. ಅದೇ ಬಂಪ್ ಸ್ಟೀರ್. ಟಾರ್ ರಸ್ತೆಯ ಕಾರಿನಲ್ಲಿ ಚಕ್ರ ಆಡುವುದೇ ಕಡಿಮೆ, ಹಾಗಾಗಿ ಸ್ವಲ್ಪ ತಪ್ಪಿದ್ದರೂ ನಡೆಯುತ್ತದೆ. ಬಗ್ಗಿಯಲ್ಲಿ ಚಕ್ರ ಅದರ ಎರಡರಷ್ಟು ಆಡಬಹುದು. ಅಲ್ಲಿ ತಪ್ಪು ಅಡಗುವುದಿಲ್ಲ. ಹಾಗಾಗಿ ನಾನು ಮೊದಲು ನೋಡುವುದು ರ್ಯಾಕಿನ ಉದ್ದ. ಎಷ್ಟು ಬೇಗ ತಿರುಗುತ್ತೆ ಅನ್ನುವುದು ಆಮೇಲೆ. ಬೆಲೆ ಕೊನೆಗೆ.

ಈ ಅಳತೆಯಲ್ಲಿ ಮಾರುತಿ ರ್ಯಾಕ್ ಮೊದಲೇ ಎಡವುತ್ತದೆ. ಅದರ ಟೈ ರಾಡ್‌ಗಳು ಎರಡು ತುದಿಯಲ್ಲಿ ಸೇರುತ್ತವೆ. ಬಗ್ಗಿಯ ಕಿರಿದಾದ ಮೂತಿಗೆ ಅದು ಉದ್ದ ಜಾಸ್ತಿ. ಒಳಗಿನ ಜಾಯಿಂಟ್‌ಗಳು ಎ-ಆರ್ಮ್ ಗೆರೆಯಿಂದ ಆಚೆಗೆ ಹೋಗಿ ಕೂರುತ್ತವೆ. ದಾರಿ ಎರಡೇ. ಒಂದು, ಮೂತಿಯನ್ನು ಅಗಲ ಮಾಡಿ ಎ-ಆರ್ಮ್ ಗಿಡ್ಡ ಮಾಡುವುದು. ಆಗ ಚಕ್ರದ ಆಟ ಕಡಿಮೆಯಾಗುತ್ತದೆ. ಇನ್ನೊಂದು, ರ್ಯಾಕನ್ನೇ ಗಿಡ್ಡ ಮಾಡುವುದು. ಹಲ್ಲಿಲ್ಲದ ಕಡೆಯ ತುದಿ ಕತ್ತರಿಸಿ, ಅದರ ಹೊರ ಕೊಳವೆಯಾದ ಕೇಸಿಂಗನ್ನೂ ಅಷ್ಟೇ ಕಡಿಮೆ ಮಾಡಿ, ಹೊಸ ಥ್ರೆಡ್ ಹಾಕಿಸಬಹುದು. ಒಳ್ಳೆ ಟರ್ನರ್ ಬೇಕು. ಕತ್ತರಿಸಿ ವೆಲ್ಡ್ ಮಾಡಿಕೊಡುತ್ತೇನೆ ಅಂತ ಯಾರಾದರೂ ಹೇಳಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಗಟ್ಟಿ ಮಾಡಿದ ಉಕ್ಕಿನ ವೆಲ್ಡಿಂಗ್ ಯಾವಾಗ ಬಿಡುತ್ತೆ ಅಂತ ಅದು ಹೇಳಿ ಬಿಡುವುದಿಲ್ಲ.

ಎರಡನೇ ತೊಡಕು ನಿಧಾನ. ಆ ರ್ಯಾಕ್ ಮುಂದೆ ಎಂಜಿನ್ ಇರುವ ಕಾರಿಗೆ ಮಾಡಿದ್ದು. ಪವರ್ ಸ್ಟೀರಿಂಗ್ ಇಲ್ಲದೆ, ನಿಂತ ಕಾರಿನ ಚಕ್ರವನ್ನೂ ಕೈಯಲ್ಲೇ ತಿರುಗಿಸಬೇಕಲ್ವಾ? ಹಾಗಾಗಿ ಸ್ಟೀರಿಂಗ್ ಜಾಸ್ತಿ ಸುತ್ತು ತಿರುಗುತ್ತದೆ. ಬಗ್ಗಿಯಲ್ಲಿ ಎಂಜಿನ್ ಹಿಂದೆ ಹೋದ ಮೇಲೆ ಮುಂದೆ ಭಾರವೇ ಇಲ್ಲ. ಹಗುರ ಮೂತಿಗೆ ಅಷ್ಟು ಸುತ್ತು ದಂಡ. ಸಡಿಲ ಮಣ್ಣಿನಲ್ಲಿ ಹಿಂಭಾಗ ಜಾರಿದಾಗ ಎದುರು ತಿರುಗಿಸಲು ಕೈ ಅಡ್ಡಾದಿಡ್ಡಿ ದಾಟಬೇಕಾಗುತ್ತದೆ.

ರ್ಯಾಕನ್ನು ಓಡಿಸುವ ಪುಟ್ಟ ಹಲ್ಲಿನ ಗಾಲಿ, ಅಂದರೆ ಪಿನಿಯನ್, ಒಂದು ಪಕ್ಕಕ್ಕಿರುವುದರಿಂದ ನಡು ಸೀಟಿಗೆ ಸ್ಟೀರಿಂಗ್ ಶಾಫ್ಟ್ ಓರೆಯಾಗುತ್ತದೆ. ಓರೆ ಶಾಫ್ಟನ್ನು ತಿರುಗಿಸುವ ಯೂನಿವರ್ಸಲ್ ಜಾಯಿಂಟ್ ಒಂದನ್ನೇ ಹಾಕಿ ಅದನ್ನು 30 ಡಿಗ್ರಿ ಬಗ್ಗಿಸಿದರೆ, ಒಂದು ಸುತ್ತಿನೊಳಗೇ ಶಾಫ್ಟಿನ ವೇಗ ಸುಮಾರು ಶೇ. 13 ಇಳಿಯುತ್ತದೆ, ಶೇ. 15 ಏರುತ್ತದೆ. ಕೈಗೆ ಒಮ್ಮೆ ಭಾರ, ಒಮ್ಮೆ ಹಗುರ ಅನಿಸುವುದು ಇದಕ್ಕೇ. ಎರಡು ಜಾಯಿಂಟ್ ಹಾಕಿ, ಎರಡಕ್ಕೂ ಒಂದೇ ಕೋನ ಕೊಟ್ಟು, ನಡುವಿನ ಶಾಫ್ಟಿನ ಎರಡೂ ತುದಿಯ ಫೋರ್ಕ್‌ಗಳನ್ನು ಸಾಲಾಗಿ ಕೂರಿಸಿದರೆ ಸರಿಹೋಗುತ್ತದೆ. ಇನ್ನೊಂದು ಮಾತು: ರ್ಯಾಕನ್ನು ಆಕ್ಸಲಿನ ಹಿಂದಿನಿಂದ ಮುಂದಕ್ಕೆ ತಂದರೆ ಎಡಕ್ಕೆ ತಿರುಗಿಸಿದಾಗ ಗಾಡಿ ಬಲಕ್ಕೆ ಹೋಗುತ್ತದೆ. ಆಗ ರ್ಯಾಕನ್ನು ತಲೆಕೆಳಗು ಮಾಡಬೇಕು, ಬಲಗಡೆಯ ಪಿನಿಯನ್ ಎಡಕ್ಕೆ ಬರುತ್ತದೆ.

ಇಷ್ಟೆಲ್ಲ ದೂರಿದರೂ ಮಾರುತಿ ರ್ಯಾಕಿನಲ್ಲಿ ಒಂದು ಗುಣವಿದೆ. ರ್ಯಾಕಿನ ಬೆನ್ನಿಗೆ ಸ್ಪ್ರಿಂಗ್ ಇರುವ ಒಂದು ಪ್ಯಾಡ್ ಒತ್ತಿಕೊಂಡಿರುತ್ತದೆ. ಹಲ್ಲು ಸವೆದಂತೆ ಅದು ರ್ಯಾಕನ್ನು ಪಿನಿಯನ್ ಕಡೆಗೆ ತಳ್ಳುತ್ತಾ ಹೋಗುತ್ತದೆ. ನಟ್ ತಿರುಗಿಸಿ ಬಿಗಿ ಮಾಡಬಹುದು. ಅದಕ್ಕೇ ಗುಜರಿಯ ರ್ಯಾಕಿನಲ್ಲೂ ಸಡಿಲದ ಆಟ ಕಡಿಮೆ. ರಬ್ಬರ್ ಬೂಟು, ಬಾಲ್ ಜಾಯಿಂಟು ಎಲ್ಲಾ ಊರಲ್ಲೂ ಸಿಗುತ್ತವೆ.

ಆನ್‌ಲೈನಿನಲ್ಲಿ ಸಿಗುವ ಚೀನಾದ ಗೋ-ಕಾರ್ಟ್ ರ್ಯಾಕ್ ಬಗ್ಗೆ ಜಾಸ್ತಿ ಹೇಳುವುದೇನೂ ಇಲ್ಲ. ಗಿಡ್ಡ ಇದೆ, ಹಗುರ ಇದೆ, ಪಿನಿಯನ್ ನಡುವಿಗೆ ಹತ್ತಿರ ಇದೆ. ಉದ್ದದ ಅಳತೆಯಲ್ಲಿ ಪಾಸು. ಆದರೆ ನನಗೆ ಬಂದದ್ದರಲ್ಲಿ ರ್ಯಾಕ್ ಓಡುವ ದೂರವೇ ಸಾಲಲಿಲ್ಲ. ಚಕ್ರ ಪೂರ್ತಿ ತಿರುಗುವ ಮೊದಲೇ ತುದಿ ಮುಟ್ಟುತ್ತಿತ್ತು. ಟೈ ರಾಡಿನ ಥ್ರೆಡ್ ತೆಳ್ಳಗೆ. ಸಪಾಟು ನೆಲದ ಮಕ್ಕಳ ಕಾರ್ಟಿಗೆ ಸರಿ. ಕಲ್ಲಿಗೆ ಚಕ್ರ ಬಡಿಯುವ ಗಾಡಿಗೆ ನಾನು ಹಾಕುವುದಿಲ್ಲ.

ರ್ಯಾಕ್ ಬದಲು ಹಳೇ ಜೀಪಿನ ಸ್ಟೀರಿಂಗ್ ಬಾಕ್ಸ್ ಹಾಕು ಅನ್ನುವವರೂ ಇದ್ದಾರೆ. ಕಲ್ಲಿನ ಏಟು ಕೈಗೆ ಬರುವುದು ಕಡಿಮೆ, ಅದು ಒಪ್ಪುವ ಮಾತೇ. ಆದರೆ ಎರಡು ಚಕ್ರ ಬೇರೆ ಬೇರೆ ಆಡುವ ಸಸ್ಪೆನ್ಷನ್ನಿಗೆ ಅದನ್ನು ಹೊಂದಿಸಲು ಇನ್ನೊಂದು ಕಡೆ ಐಡ್ಲರ್ ಆರ್ಮ್ (ಜೊತೆಗೆ ಆಡುವ ಆಧಾರದ ತೋಳು), ನಡುವೆ ಲಿಂಕು, ಮೇಲೆ ಭಾರ. ನಮ್ಮ ಅಂಬಾಸಿಡರ್‌ಗೂ ರ್ಯಾಕ್ ಇತ್ತು ಅನ್ನುವುದನ್ನು ಈ ಹಿರಿಯರು ಮರೆತುಬಿಡುತ್ತಾರೆ.

ಮೂರನೆಯದು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿದ್ದು. ಅಮೆರಿಕದ ಮರಳು ಬಗ್ಗಿಗಳಲ್ಲಿ ಇರುವ ತರದ್ದು. ಟೈ ರಾಡ್ ಎರಡೂ ರ್ಯಾಕಿನ ನಡುವೆ ಒಂದು ಬ್ರಾಕೆಟ್ಟಿಗೆ ಸೇರುತ್ತವೆ. ಬ್ರಾಕೆಟ್ಟಿನ ತೂತುಗಳನ್ನು ಎ-ಆರ್ಮ್ ಗೆರೆಗೆ ಸರಿಯಾಗಿ ಕೊರೆಸಬಹುದು, ಅಂದರೆ ಬಂಪ್ ಸ್ಟೀರನ್ನು ನಾವೇ ತಿದ್ದಬಹುದು.

ವೇಗವನ್ನೂ ನಾವೇ ಆರಿಸಬಹುದು. ಲೆಕ್ಕ ಸುಲಭ. ಚಕ್ರದ ಜೊತೆ ತಿರುಗುವ ಭಾಗಕ್ಕೆ ನಕಲ್ (knuckle) ಅನ್ನುತ್ತಾರೆ. ಟೈ ರಾಡ್ ಸೇರುವ ಅದರ ಸ್ಟೀರಿಂಗ್ ಆರ್ಮ್ 100 ಮಿ.ಮೀ. ಇದ್ದು ಚಕ್ರ 30 ಡಿಗ್ರಿ ತಿರುಗಬೇಕಾದರೆ ರ್ಯಾಕ್ ಸುಮಾರು 50 ಮಿ.ಮೀ. ಓಡಬೇಕು. ಎರಡೂ ಕಡೆ ಸೇರಿ 100. ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ) 2ರ ನೇರ ಹಲ್ಲಿನ ಪಿನಿಯನ್ನಿಗೆ 10 ಹಲ್ಲಿದ್ದರೆ ಒಂದು ಸುತ್ತಿಗೆ ರ್ಯಾಕ್ 62.8 ಮಿ.ಮೀ. ಓಡುತ್ತದೆ. ಅಂದರೆ ಈ ತುದಿಯಿಂದ ಆ ತುದಿಗೆ ಸುಮಾರು 1.6 ಸುತ್ತು. 15 ಹಲ್ಲು ಹಾಕಿದರೆ ಒಂದೇ ಸುತ್ತು ಚಿಲ್ಲರೆ. ಕೇಳಲು ಚೆಂದ. ಆದರೆ ಸುತ್ತು ಕಡಿಮೆಯಾದಷ್ಟೂ ಕೈಗೆ ಭಾರ, ಕಲ್ಲಿನ ಏಟೂ ಅಷ್ಟೇ ನೇರವಾಗಿ ಕೈಗೆ ಬರುತ್ತದೆ. ಸ್ಟೀರಿಂಗ್ ಕಡ್ಡಿಯೊಳಗೆ ಹೆಬ್ಬೆರಳು ಸಿಕ್ಕಿಸಿಕೊಂಡು ಓಡಿಸುವ ಅಭ್ಯಾಸ ಇದ್ದವರು ಅದನ್ನು ಇಂದೇ ಬಿಡಬೇಕು. ನನ್ನ ಆಯ್ಕೆ 10 ಹಲ್ಲು. ಹಿಂಭಾಗ ಜಾರಿದಾಗ ಕೈ ಜಾಗ ಬಿಡದೆ ಗಾಡಿ ನೇರವಾಗುತ್ತದೆ.

ಖರ್ಚು ಗುಜರಿ ರ್ಯಾಕಿನ ಹಲವು ಪಟ್ಟು. ಮಾಡಿಸುವವರು ಎರಡು ಮಾತು ಮೊದಲೇ ಹೇಳಬೇಕು. ಒಂದು, ಬೆನ್ನಿನ ಸ್ಪ್ರಿಂಗ್ ಪ್ಯಾಡ್. ಸುಮ್ನೆ ಬಿಟ್ಟರೆ ಬಹಳ ವರ್ಕ್‌ಶಾಪ್‌ಗಳು ರ್ಯಾಕನ್ನು ಕೇಸಿಂಗಿನ ಬುಷ್‌ನಲ್ಲಿ ಕೂರಿಸಿ ಮುಗಿಸುತ್ತವೆ. ಹೊಸದರಲ್ಲಿ ಬಿಗಿಯಾಗಿರುತ್ತದೆ, ಬುಷ್ ಸವೆದ ಮೇಲೆ ಸ್ಟೀರಿಂಗ್ ಸುಮ್ಮನೆ ಆಡುತ್ತದೆ, ಬಿಗಿ ಮಾಡಲು ಜಾಗವೇ ಇರುವುದಿಲ್ಲ. ಇನ್ನೊಂದು, ಸೀಲು. ನಡು ಬ್ರಾಕೆಟ್ಟಿಗಾಗಿ ಕೇಸಿಂಗಿನಲ್ಲಿ ಉದ್ದ ಕಿಂಡಿ ತೆರೆದಿರುತ್ತದೆ. ಕೆಂಪು ಮಣ್ಣು ಗ್ರೀಸಿಗೆ ಸೇರಿದರೆ ಅದು ಉಜ್ಜುವ ಪೇಸ್ಟೇ. ನಾನು ಎರಡೂ ಬದಿಗೆ ರಬ್ಬರ್ ಬೂಟು ಹಾಕಿದ್ದೇನೆ. ಆದರೂ ಮಳೆಗಾಲದಲ್ಲಿ ಬಿಚ್ಚಿ ತೊಳೆಯದೆ ವಿಧಿಯಿಲ್ಲ. ಮಾರುತಿ ರ್ಯಾಕಿಗೆ ಈ ಚಾಕರಿ ಇಲ್ಲ.

ಈಗ ನನ್ನ ಗಾಡಿಯಲ್ಲಿ ಇರುವುದು ಮಾಡಿಸಿದ್ದೇ. ಆದರೆ ಮೊದಲ ಬಗ್ಗಿ ಕಟ್ಟುತ್ತಿರುವವರು ಕೇಳಿದರೆ ಮಾರುತಿಯದೇ ಹಾಕಿ ಅನ್ನುತ್ತೇನೆ, ಒಂದು ಷರತ್ತಿನ ಮೇಲೆ. ರ್ಯಾಕನ್ನು ಮೊದಲು ತಂದು ನೆಲದ ಮೇಲಿಟ್ಟು, ಅದರ ಒಳ ಜಾಯಿಂಟ್‌ಗಳಿಗೆ ತಕ್ಕಂತೆ ಎ-ಆರ್ಮ್ ಬೋಲ್ಟ್‌ಗಳ ಜಾಗ ಗುರುತಿಸಿ. ಫ್ರೇಮ್ ವೆಲ್ಡ್ ಆದ ಮೇಲೆ ರ್ಯಾಕ್ ಹುಡುಕಲು ಹೊರಟರೆ ಮಾಡಿಸಿದ್ದೇ ಗತಿ.

ಯಾವುದನ್ನು ಹಾಕಿದರೂ ಸಸ್ಪೆನ್ಷನ್ ಸ್ಪ್ರಿಂಗ್ ಬಿಚ್ಚಿ, ಚಕ್ರವನ್ನು ಜಾಕಿನಿಂದ ಪೂರ್ತಿ ಮೇಲೆ, ಪೂರ್ತಿ ಕೆಳಗೆ ಒಯ್ದು, ಎರಡು ಚಕ್ರಗಳ ಮುಂಬದಿಗಳ ನಡುವಿನ ಅಂತರ, ಹಿಂಬದಿಗಳ ನಡುವಿನ ಅಂತರ ಟೇಪಿನಲ್ಲಿ ಅಳೆಯಿರಿ. ಇವೆರಡರ ವ್ಯತ್ಯಾಸ ಬದಲಾದರೆ ಅದೇ ಬಂಪ್ ಸ್ಟೀರ್. ತಿರುವಿನ ತುದಿ ತಡೆಯುವ ಸ್ಟಾಪ್ ನಕಲಿನ ಮೇಲಿರಲಿ, ರ್ಯಾಕಿನೊಳಗೆ ಬೇಡ. ತಿರುಗಿದ ಚಕ್ರ ಕಲ್ಲಿಗೆ ಬಡಿದಾಗ ಆ ಏಟನ್ನು ನಕಲ್ ತಿನ್ನಬೇಕು, ಪಿನಿಯನ್ ಹಲ್ಲಲ್ಲ.