ಮನೆಗೆ ಬರುವ ಕಾನ್ವೆಂಟಿನ ಸಿಸ್ಟರ್‌ಗಳ ಪ್ಯಾಲಿಯೇಟಿವ್ (ನೋವು ತಗ್ಗಿಸುವ ಆರೈಕೆ) ಸೇವೆ (ಕಾಸರಗೋಡಿನ ಪೆರ್ಲ ಕಡೆಯವರಿಗೆ): 5ರಲ್ಲಿ 4

ಹಾಸಿಗೆ ಹಿಡಿದವರನ್ನು ಮನೆಯಲ್ಲೇ ನೋಡಿಕೊಳ್ಳುವವರಿಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ. ನನ್ನ ಅತ್ತೆಗೆ ಲಕ್ವ ಹೊಡೆದು ಎಡಭಾಗ ಪೂರ್ತಿ ಬಿದ್ದುಹೋಗಿದೆ. ಮಂಗಳೂರಿನಿಂದ ಡಿಸ್ಚಾರ್ಜ್ ಆಗಿ ಬರುವಾಗ ಜೊತೆಗೆ ಬಂದದ್ದು ಒಂದು ದಪ್ಪ ಫೈಲು, ಒಂದು ಕ್ಯಾತಿಟರ್, ಸೊಂಟದ ಕೆಳಗೊಂದು ಹುಣ್ಣು. ಪಂಚಾಯತಿನ ಪ್ಯಾಲಿಯೇಟಿವ್ ನರ್ಸ್ ಬರುತ್ತಾರೆ, ಒಳ್ಳೆಯವರೇ, ಆದರೆ ಅವರಿಗೆ ನೋಡಲಿಕ್ಕೆ ಊರಿಡೀ ಉಂಟು. ಅವರೇ ಈ ಸಿಸ್ಟರ್‌ಗಳ ನಂಬರು ಕೊಟ್ಟದ್ದು. ಕಾನ್ವೆಂಟಿನ ಹೆಸರು ಹಾಕುವುದಿಲ್ಲ, ಹಾಕಬೇಡಿ ಎಂದು ಅವರೇ ಹೇಳಿದ್ದಾರೆ.

ಮೊದಲು ಕೆಲಸದ ವಿಷಯ. ಇಬ್ಬರು ಸಿಸ್ಟರ್, ಒಬ್ಬ ಡ್ರೈವರ್, ಹಳೆಯ ಓಮ್ನಿ. ಹುಣ್ಣನ್ನು ಸಲೈನಿನಲ್ಲಿ ತೊಳೆದು, ಸತ್ತ ಚರ್ಮ ತೆಗೆದು, ಮೆಟ್ರೊನಿಡಝೋಲ್ ಮಾತ್ರೆ ಪುಡಿ ಮಾಡಿ ಉದುರಿಸಿ ಡ್ರೆಸಿಂಗ್ ಮಾಡುತ್ತಾರೆ. ಕೋಣೆಯೊಳಗೆ ಕಾಲಿಡಲಾಗದಷ್ಟು ಇದ್ದ ವಾಸನೆ ಹೋದದ್ದು ಈ ಪುಡಿಯಿಂದ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ನನ್ನ ಕೈಯಲ್ಲೇ ಮಾಡಿಸಿ ನೋಡಿದರು. ಕೆಂಪಾದ ಜಾಗವನ್ನು ತಿಕ್ಕಬಾರದಂತೆ. ನಾವು ಅಲ್ಲಿಯವರೆಗೆ ಎಣ್ಣೆ ಹಾಕಿ ಚೆನ್ನಾಗಿ ತಿಕ್ಕುತ್ತಿದ್ದೆವು. ಏರ್ ಬೆಡ್ ಎರವಲು ಕೊಟ್ಟಿದ್ದಾರೆ, ಡೆಪಾಸಿಟ್ ಇಲ್ಲ. ದುಡ್ಡು ಕೇಳುವುದಿಲ್ಲ. ಅಡಿಕೆ ಮಾರಿದ ವಾರ ನನ್ನವರು ಲಕೋಟೆ ಕೊಡಲು ಹೋದಾಗ, ಆ ದುಡ್ಡಿಗೆ ಗಾಝು ತಂದಿಡಿ ಎಂದರು.

ಇನ್ನು ಎಲ್ಲರೂ ನನ್ನಲ್ಲಿ ಗುಟ್ಟಾಗಿ ಕೇಳುವ ಪ್ರಶ್ನೆ: ಇವರು ಬರುವುದು ಮತಾಂತರ ಮಾಡಲಿಕ್ಕಾ? ನನ್ನ ನಾದಿನಿಯಂತೂ ಫೋನಿನಲ್ಲೇ ಗದರಿಸಿದಳು: “ಅತ್ತಿಗೆ, ಅವರು ಸುಮ್ಮನೆ ಬರುವುದಲ್ಲ, ನೋಡ್ತಾ ಇರಿ.” ಅವಳ ಅನುಮಾನ ಬುಡವಿಲ್ಲದ್ದೇನಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್‌ನವರು ಮತ ಹರಡಲಿಕ್ಕೇ ಬಂದವರು, ಅದನ್ನು ಮುಚ್ಚಿಟ್ಟವರೂ ಅಲ್ಲ. ಅದೇ ಮಿಶನ್‌ನಿಂದ 1843ರಲ್ಲಿ ಕನ್ನಡಕ್ಕೆ ಮೊದಲ ಪತ್ರಿಕೆ, 1894ರಲ್ಲಿ ಕಿಟ್ಟೆಲರ ನಿಘಂಟು ಬಂತು. 1865ರಲ್ಲಿ ಶುರುವಾದ ಹೆಂಚಿನ ಕಾರ್ಖಾನೆ, ಮತಾಂತರವಾಗಿ ಜಾತಿಯಿಂದ ಹೊರಬಿದ್ದವರಿಗೆ ಕೆಲಸ ಕೊಟ್ಟಿತು. ಒಳ್ಳೆಯದು, ಲೆಕ್ಕಾಚಾರ ಎರಡೂ ಬೆರೆತೇ ಇತ್ತು. ಕಂಕನಾಡಿಯಲ್ಲಿ ಆಲದ ಮರದಡಿ 1880ರಲ್ಲಿ ಹೋಮಿಯೋಪಥಿ ಮದ್ದು ಕೊಡಲು ಕೂತ ಫಾದರ್ ಮುಲ್ಲರ್ ಹತ್ತಿರ ಸಾಲುನಿಂತವರಿಗಾದರೋ ಬೇಕಾದದ್ದು ಮದ್ದು ಮಾತ್ರ. ಹಾಗಾಗಿ ನಾನು ನಾದಿನಿಗೆ ಹೇಳಿದ್ದು ಇಷ್ಟೆ: ಬರಲಿ, ಕಣ್ಣಿಟ್ಟು ನೋಡೋಣ.

ನೋಡಿದೆ. ಹಿರಿಯ ಸಿಸ್ಟರ್ ಹೊರಡುವ ಮೊದಲು ಒಂದು ನಿಮಿಷ ಪ್ರಾರ್ಥನೆ ಮಾಡುವ ಕ್ರಮ. ಮೊದಲ ದಿನ ಅದನ್ನು ನನ್ನಲ್ಲಾಗಲಿ ನನ್ನವರಲ್ಲಾಗಲಿ ಕೇಳಲಿಲ್ಲ, ನೇರ ಅತ್ತೆಯ ಹತ್ತಿರ ಬಗ್ಗಿ ಕೇಳಿದರು. ಅತ್ತೆ ತೊದಲುತ್ತಾ, “ಮೊದಲು ನನ್ನದು” ಎಂದರು. ಮಧೂರು ಗಣಪತಿಯ ಹೆಸರಲ್ಲಿ ಶುರುವಾದ ಅವರ ಶ್ಲೋಕ ಬಾಯಿ ಸೊಟ್ಟಗಾದ ಮೇಲೆ ಮುಗಿಯುವುದೇ ಇಲ್ಲ. ಗ್ಲೌಸು ಬಿಚ್ಚಿದ ಕೈ ಹಿಡಿದುಕೊಂಡು ಸಿಸ್ಟರ್ ಕಾದರು. ಹೊರಗೆ ಡ್ರೈವರ್ ಹಾರ್ನ್ ಹಾಕಿದ, ಇವರು ಅಲುಗಲಿಲ್ಲ. ಇನ್ನೊಂದು ದಿನ ಅತ್ತೆ, “ಇದರಿಂದ ನಿಮಗೆ ಪುಣ್ಯ ಉಂಟಾ ಅಮ್ಮ?” ಎಂದು ಕೇಳಿಯೇಬಿಟ್ಟರು. “ಪುಣ್ಯ ಬರ್ತದೋ ಗೊತ್ತಿಲ್ಲಮ್ಮ, ಬೆನ್ನುನೋವು ಬರ್ತದೆ” ಎಂದರು ಸಿಸ್ಟರ್. ಲಕ್ವ ಹೊಡೆದ ಮೇಲೆ ಅತ್ತೆ ನಕ್ಕದ್ದು ನಾನು ಅವತ್ತೇ ನೋಡಿದ್ದು.

ಇವರ ಜೊತೆ ಕೆಲವು ಸಮಯ ಒಬ್ಬ ಕಾಲೇಜು ಹುಡುಗ ವಾಲಂಟಿಯರ್ ಆಗಿ ಬರುತ್ತಿದ್ದ. ತುಂಬ ಮೃದು. ಅತ್ತೆಯ ಕಾಲ ಬಳಿ ಕೂತು ಕಣ್ಣೀರು ಹಾಕುತ್ತಿದ್ದ, “ಇಲ್ಲಿಗೆ ಬಂದರೆ ನನಗೆ ಎಷ್ಟು ಸಮಾಧಾನ ಆಂಟಿ” ಎನ್ನುತ್ತಿದ್ದ. ನನಗೆ ಅದು ಮೊದಲಿಂದಲೂ ಸರಿಕಾಣಲಿಲ್ಲ. ಅವನ ಸಮಾಧಾನಕ್ಕೆ ನನ್ನ ಅತ್ತೆಯ ಹುಣ್ಣು ಬೇಕಾಗಿತ್ತಾ? ಆಟಿ ತಿಂಗಳ ಮಳೆಯಲ್ಲಿ ನಮ್ಮ ಗುಡ್ಡದ ರಸ್ತೆ ಕೆಸರಾಗಿ ಓಮ್ನಿ ಹತ್ತದಾದಾಗ ಅವನು ಬರಲಿಲ್ಲ. ಸಿಸ್ಟರ್‌ಗಳು ಕೆಳಗೆ ವ್ಯಾನ್ ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದು, ಡ್ರೆಸಿಂಗ್ ಡಬ್ಬಿ ಸೆರಗಿನಡಿ ಇಟ್ಟುಕೊಂಡು ನಡೆದು ಬಂದರು. ಬಂದವರು ಮಳೆಯ ಬಗ್ಗೆ ಮಾತೇ ಎತ್ತಲಿಲ್ಲ, ಬಿಸಿನೀರು ಉಂಟಾ ಎಂದು ಕೇಳಿದರು.

ಅದೇ ಹುಡುಗ ಒಮ್ಮೆ ಅತ್ತೆಯ ಫೋಟೋ ತೆಗೆಯಹೋಗಿದ್ದ, ದಾನಿಗಳಿಗೆ ಕಳಿಸಲಿಕ್ಕಂತೆ. ಹಿರಿಯ ಸಿಸ್ಟರ್ ಅಲ್ಲೇ ಡಿಲೀಟ್ ಮಾಡಿಸಿದರು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಉಂಟು. ನಮ್ಮದು ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿದ್ದ ಊರು. ಗೇರು ತೋಟಗಳಿಗೆ ಹೆಲಿಕಾಪ್ಟರಿನಲ್ಲಿ ಸಿಂಪಡಣೆ ನಿಂತದ್ದು 2000ದಲ್ಲಿ. ಕ್ಯಾಮರಾ ಹಿಡಿದು ಬರುವವರು ಆಮೇಲೂ ನಿಲ್ಲಲಿಲ್ಲ. ಅದರಿಂದ ಬಾಧೆಪಟ್ಟ ಮಕ್ಕಳನ್ನು ಎತ್ತಿ ತೋರಿಸಿ ತೋರಿಸಿ ತಾಯಂದಿರಿಗೆ ಸಾಕಾಗಿದೆ. ಇದು ಒಂದೇ ಮತದವರ ಚಾಳಿಯೂ ಅಲ್ಲ. ನಮ್ಮವರದೇ ಒಂದು ಟ್ರಸ್ಟು ಅಕ್ಕಿ ಕಿಟ್ ಕೊಡಲು ಬಂದು, ಬ್ಯಾನರ್ ಸರಿ ಕಾಣುತ್ತಿಲ್ಲ ಎಂದು ಹಾಸಿಗೆಯನ್ನೇ ಕಿಟಕಿ ಕಡೆ ಎಳೆಸಿತು. ಕಿಟ್ಟಿನ ಬೇಳೆಯಲ್ಲಿ ಹುಳವಿತ್ತು, ಅದು ಬೇರೆ.

ಒಂದು ನಕ್ಷತ್ರ ಕಡಿಮೆ ಮಾಡಿದ್ದು ಯಾಕೆಂದರೆ, ಹೆಸರು ಬರೆಸುವ ಫಾರ್ಮು ಪೂರ್ತಿ ಮಲಯಾಳದಲ್ಲಿ ಉಂಟು. ಕಾಸರಗೋಡಿನಲ್ಲಿ ಕನ್ನಡದವರ ಮನೆಗೆ ಬರುವವರು ಕನ್ನಡದ ಒಂದು ಹಾಳೆ ಅಚ್ಚು ಹಾಕಿಸಬಾರದೇ? ಹೇಳಿದ್ದೇನೆ, ಮಾಡಿಸುತ್ತೇವೆ ಎಂದಿದ್ದಾರೆ, ಇನ್ನೂ ಆಗಿಲ್ಲ. ಕೋಟ್ಟಯಂ ಕಡೆಯ ಕಿರಿಯ ಸಿಸ್ಟರಿಗೆ ಭಾಷೆ ಬರುವುದಿಲ್ಲ, ಆದರೆ “ನೋವುಂಟಾ, ಸಾಕಾ, ತಿರುಗಿಸ್ಲಾ” ಇಷ್ಟು ಕಲಿತಿದ್ದಾರೆ, ಕೆಲಸಕ್ಕೆ ಅದು ಸಾಕು. ಮಧ್ಯಾಹ್ನ ಫೋನ್ ಎತ್ತುವುದಿಲ್ಲ. ಹೇಳಿದ ಸಮಯಕ್ಕಿಂತ ತಡವಾಗುತ್ತದೆ, ಹಿಂದಿನ ಮನೆಯಲ್ಲಿ ಹೆಚ್ಚು ಹೊತ್ತು ಬೇಕಾದರೆ ಕೂರುತ್ತಾರೆ, ಅದಕ್ಕೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ.

ರಾತ್ರಿ ತುರ್ತಿಗೆ ಇವರನ್ನು ನಂಬಬೇಡಿ, ಆಂಬ್ಯುಲೆನ್ಸ್ ಇಲ್ಲ. ಬೇಕಾದವರು ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯನ್ನೋ ಪಂಚಾಯತಿನ ನರ್ಸನ್ನೋ ಕೇಳಿದರೆ ನಂಬರು ಸಿಗುತ್ತದೆ. ಡಿಸ್ಚಾರ್ಜ್ ಸಮರಿಯ ಒಂದು ಜೆರಾಕ್ಸ್ ತೆಗೆದಿಟ್ಟುಕೊಳ್ಳಿ, ಮೊದಲ ದಿನವೇ ಕೇಳುತ್ತಾರೆ.