ಸರ್ಜ್ ಪ್ರೊಟೆಕ್ಟರ್ ಚೆನ್ನಾಗಿದೆ, ಆ ಹಸಿರು ದೀಪದ ಮೇಲೇ ಸಿಟ್ಟು

ನಮ್ಮದು ಮೂಡಿಗೆರೆ ಕಡೆ. ಇಲ್ಲಿ ಸಿಡಿಲಿನ ಕಾಟ ಜೋರು ಮಳೆಗಾಲಕ್ಕಿಂತ ಮುಂಚೆಯೇ ಜಾಸ್ತಿ. ಕಾಫಿ ಹೂವಿನ ಮಳೆಯಿಂದ ಹಿಡಿದು ಭರಣಿ, ಕೃತ್ತಿಕೆವರೆಗೂ ಮಧ್ಯಾಹ್ನ ಉರಿಬಿಸಿಲು, ಸಂಜೆ ಗುಡುಗು. ಸಿಡಿಲು ಮನೆಗೇ ಬಡಿಯಬೇಕು ಅಂತಿಲ್ಲ. ತೋಟದ ಮೇಲೆ ಹಾದು ಬರುವ ಲೈನಿನ ಹತ್ತಿರ ಬಿದ್ದರೂ ಸಾಕು, ಕಂಪ್ಯೂಟರಿಗೆ ಕರೆಂಟು ಒದಗಿಸುವ ಎಸ್‌ಎಂಪಿಎಸ್ ಢಮಾರ್. ಅದಕ್ಕೇ 1500 ರೂಪಾಯಿ ಒಳಗಿನ ಈ ಸರ್ಜ್ ಪ್ರೊಟೆಕ್ಟರನ್ನು (ವೋಲ್ಟೇಜ್ ಏಕಾಏಕಿ ಏರಿದಾಗ ಸಾಮಾನು ಕಾಯುವ ಸಾಕೆಟ್ ಬೋರ್ಡು) ತಗೊಂಡೆ.

ಸಾಕೆಟ್ ಬಿಗಿಯಾಗಿವೆ, ವೈರು ದಪ್ಪ. ಪಕ್ಕದ ತೋಟದವರ ಟಿವಿ, ಮೋಟಾರಿನ ಸ್ಟಾರ್ಟರ್ ಎರಡೂ ಹೋದ ರಾತ್ರಿ ನಮ್ಮ ಸಿಸ್ಟಂಗೆ ಏನೂ ಆಗಲಿಲ್ಲ. ಖುಷಿಯಲ್ಲಿ ನೆಂಟರಿಗೆಲ್ಲ ಇದನ್ನೇ ಕೊಡಿಸಿದೆ.

ಸಿಟ್ಟು ಬಂದದ್ದು ಆಮೇಲೆ. ಇದರೊಳಗೆ ಎಂಒವಿ ಅನ್ನುವ ಬಿಲ್ಲೆ ಇರುತ್ತದೆ. ಜಾಸ್ತಿಯಾದ ವೋಲ್ಟೇಜನ್ನು ಅರ್ಥ್‌ಗೆ ಸಾಗಿಸುವುದು ಅದೇ. ಪ್ರತಿ ಏಟಿಗೂ ಅದು ಸವೆಯುತ್ತದೆ. ಪೂರ್ತಿ ಸತ್ತಾಗ ಹಸಿರು ದೀಪ ಆರುತ್ತದೆ, ಆದರೆ ಸಾಕೆಟ್‌ಗಳಲ್ಲಿ ಕರೆಂಟು ಎಂದಿನಂತೆ ಬರುತ್ತಲೇ ಇರುತ್ತದೆ! ಆ ದೀಪ ಇರುವುದು ವೈರು ಹೊರಡುವ ತುದಿಯಲ್ಲಿ, ಸಾಸಿವೆ ಕಾಳಿನಷ್ಟು. ಮೇಜಿನಡಿ ಕಸ ಗುಡಿಸುವಾಗ ಮಗಳು ‘ಅಪ್ಪಾ, ಇದು ಉರೀತಾ ಇಲ್ಲ’ ಅನ್ನುವವರೆಗೆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಒಂದು ಬೀಪ್ ಶಬ್ದ ಕೊಟ್ಟಿದ್ದರೆ ಕಂಪನಿಯವರ ಗಂಟೇನು ಹೋಗುತ್ತಿತ್ತು? ವಾರಂಟಿ ಕೇಳಿದರೆ ಮನೆಯ ಅರ್ಥಿಂಗ್ ಸರಿಯಿದೆ ಅಂತ ಎಲೆಕ್ಟ್ರಿಷಿಯನ್ ಬರೆದುಕೊಡಬೇಕಂತೆ.

ಬರೆಸೋಣ ಅಂತ ಕರೆಸಿದೆವು. ಅರ್ಥ್ ಗುಂಡಿ ಬಿಸಿಲಿಗೆ ಒಣಗಿತ್ತು. ಅವರು ಇದ್ದಿಲು, ಉಪ್ಪು ಹೊಸದಾಗಿ ತುಂಬಿಸಿದರು. ಈಗ ಬೇಸಿಗೆಯಲ್ಲಿ ಸಂಜೆ ತುಳಸಿಗೆ ನೀರು ಹಾಕಿದ ಮೇಲೆ ಗುಂಡಿಗೂ ಒಂದು ಕೊಡ ಸುರಿಯುತ್ತೇನೆ. ಯಾಕೋ ಈ ಕೆಲಸ ಇಷ್ಟವಾಗಿಬಿಟ್ಟಿದೆ. ಚಾರ್ಮಾಡಿ ಕಡೆ ಮೋಡ ಕಪ್ಪಾದರೆ ಕಾಫಿ ಲೋಟ ಕೆಳಗಿಟ್ಟು ಮೊದಲು ಪ್ಲಗ್ ಕೀಳುವುದು, ಆಮೇಲೆ ಲ್ಯಾನ್ ಕೇಬಲ್ ಬಿಚ್ಚಿ ಮೊಳೆಗೆ ನೇತುಹಾಕುವುದು. ಇಂಟರ್‌ನೆಟ್ಟಿನ ಫೈಬರಿನಲ್ಲಿ ಕರೆಂಟು ಹರಿಯುವುದಿಲ್ಲ, ನಿಜ. ಆದರೆ ಗೋಡೌನಿನ ಕ್ಯಾಮೆರಾಗೆ ಅಂಗಳ ದಾಟಿ ಹೋಗಿರುವ ಲ್ಯಾನ್ ಕೇಬಲ್ ತಾಮ್ರದ್ದು. ಸಿಡಿಲಿಗೆ ಆ ದಾರಿಯೂ ಆಗುತ್ತದೆ. ನೇರವಾಗಿ ಬಡಿದರಂತೂ ಯಾವ ಪ್ರೊಟೆಕ್ಟರೂ ತಡೆಯುವುದಿಲ್ಲ, ಪ್ಲಗ್ ಕೀಳಲೇಬೇಕು.

ಬೈದುಕೊಂಡೇ ಮತ್ತೆ ಇದನ್ನೇ ತಗೊಂಡೆ. ಬೀಪ್ ಇರುವುದಕ್ಕೆ ಅಂಗಡಿಯವರು ದುಪ್ಪಟ್ಟು ಹೇಳಿದರು. ಈ ಸಲ ಮಾನಿಟರ್ ಪಕ್ಕದ ಗೋಡೆಗೆ ಸ್ಕ್ರೂ ಹೊಡೆದು, ದೀಪ ಕಣ್ಣೆದುರಿಗೇ ಇರುವಂತೆ ಹಾಕಿದ್ದೇನೆ. ಅರ್ಥ್ ಪಿನ್ನೇ ಇಲ್ಲದ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿ ಬಳಸುವವರು ಸುಮ್ನೆ ಇದಕ್ಕೆ ದುಡ್ಡು ಹಾಕಬೇಡಿ, ಮೊದಲು ಅರ್ಥಿಂಗ್ ಮಾಡಿಸಿ.